ಮಗುವಿನ ಎತ್ತರ ಅಳೆಯೋರು ಯಾರು?

ಸರ್ಕಾರಿ ಸರ್ವೆ ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಬರುತ್ತದೆ. ಒಂದು, "ಎಲ್ಲಾ ಸುಳ್ಳು, ಆಫೀಸಲ್ಲಿ ಕೂತು ತುಂಬಿರ್ತಾರೆ." ಇನ್ನೊಂದು, "ನೋಡಿ, ಸರ್ವೆಯಲ್ಲೇ ಬಂದಿದೆ." ತಮಾಷೆ ಏನಂದರೆ ಎಷ್ಟೋ ಸಲ ಎರಡೂ ಒಬ್ಬರ ಬಾಯಿಂದಲೇ ಬರುತ್ತದೆ. ಅಂಕಿ ಬೇಕಾದ ಹಾಗೆ ಬಂತೋ, ಎರಡನೆಯದು. ಬರಲಿಲ್ಲವೋ, ಮೊದಲನೆಯದು. ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ನಾನಂತೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪರ. ಎನ್‌ಎಫ್‌ಎಚ್‌ಎಸ್ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಅದರಲ್ಲಿ ಕೊರತೆ ಇಲ್ಲ ಅಂತಲ್ಲ, ಬೇಕಾದಷ್ಟಿವೆ, ಮುಂದೆ ಹೇಳುತ್ತೇನೆ. ಆದರೆ ತಾಯಿ ಮಕ್ಕಳ ವಿಷಯದಲ್ಲಿ ಸರ್ಕಾರ ಹೇಳುವುದಕ್ಕೂ ಮನೆಯೊಳಗೆ ಇರುವುದಕ್ಕೂ ಎಷ್ಟು ದೂರ ಅಂತ ತಿಳಿಯಲು ನಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೊದಲನೇ ಸುತ್ತು ನಡೆದಿದ್ದು 1992-93ರಲ್ಲಿ. ಆಮೇಲೆ 1998-99, 2005-06, 2015-16, 2019-21. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಹತ್ತು ವರ್ಷದ ಅಂತರ ನೋಡಿ. ಅಷ್ಟರಲ್ಲಿ ಹುಟ್ಟಿದ ಕೂಸು ನಾಲ್ಕನೇ ಕ್ಲಾಸಿಗೆ ಹೋಗಿರುತ್ತದೆ. ಸರ್ವೆ ನಡೆಸುವುದು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಉಸ್ತುವಾರಿ ಕೇಂದ್ರ ಆರೋಗ್ಯ ಇಲಾಖೆಯದು. ಐದನೇ ಸುತ್ತಿನಲ್ಲಿ 6.36 ಲಕ್ಷ ಮನೆಗಳಿಗೆ ಹೋದರು, 7.24 ಲಕ್ಷ ಹೆಂಗಸರನ್ನು ಮಾತಾಡಿಸಿದರು.

ಅದರಲ್ಲಿ ಕರ್ನಾಟಕದ ಎರಡು ಅಂಕಿ ಮಾತ್ರ ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಹೆರಿಗೆ ಆಸ್ಪತ್ರೆಯಲ್ಲೇ ಆಗುವುದು 97%. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು 35.4%. ಹಿಂದಿನ ಸುತ್ತಿನಲ್ಲಿ ಅದು 36.2% ಇತ್ತು. ನಾಲ್ಕೈದು ವರ್ಷದಲ್ಲಿ ಒಂದು ಪರ್ಸೆಂಟೂ ಸರಿಯಾಗಿ ಇಳಿದಿಲ್ಲ. ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೀಗಿದ್ದಾರೆ.

ಅಂದರೆ ಬಸುರಿಯನ್ನು ಆಸ್ಪತ್ರೆಯ ಬಾಗಿಲವರೆಗೆ ಕರೆತರುವುದನ್ನು ನಾವು ಚೆನ್ನಾಗಿ ಕಲಿತೆವು. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದರು, 108 ಬಂತು, ತಾಯಿ ಕಾರ್ಡ್ ಬಂತು. ಇದು ಸಣ್ಣ ಸಾಧನೆ ಅಲ್ಲ. ಮಗು ಆರು ತಿಂಗಳು ದಾಟಿದ ಮೇಲೆ ಬಟ್ಟಲಿಗೆ ಏನು ಬೀಳುತ್ತದೆ ಅನ್ನುವುದು ಮಾತ್ರ ಹಾಗೇ ಉಳಿಯಿತು. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಆಹಾರ ಸಿಗುವುದು 11.3% ಮಕ್ಕಳಿಗೆ ಮಾತ್ರ ಅಂತ ಇದೇ ಸರ್ವೆ ಹೇಳುತ್ತದೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದು ಎಲ್ಲಿ ಸಿಗುತ್ತದೆ ಹೇಳಿ? ಮನೆಗೇ ಹೋಗಿ "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಮಗು ಏನೇನು ತಿಂತು?" ಅಂತ ಕೇಳಬೇಕು.

ಎತ್ತರ ಅಳೆಯುವುದು ಸುಲಭ ಅಂದುಕೊಂಡಿರುತ್ತೇವೆ. ಅಲ್ಲ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯಬೇಕು. ದೊಡ್ಡವನ್ನು ನಿಲ್ಲಿಸಿ ಅಳೆಯಬೇಕು. ಮಲಗಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ, ಹಾಗಾಗಿ ಯಾವುದನ್ನು ಹೇಗೆ ಅಳೆದಿರಿ ಅಂತ ಬರೆದಿಡಬೇಕು. ಒಬ್ಬರು ತಲೆ ಹಲಗೆಗೆ ತಾಗುವ ಹಾಗೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದ ನೇರ ಮಾಡಬೇಕು. ಮಗು ಸುಮ್ನೆ ಇರುತ್ತಾ? ಕಿರುಚುತ್ತದೆ, ಒದೆಯುತ್ತದೆ, ಅಜ್ಜಿ ಒಳಗಿಂದ "ಬಿಡ್ರಮ್ಮ, ಪಾಪ" ಅಂತಾರೆ. ಜುಟ್ಟು ಕಟ್ಟಿದ್ದರೆ ಬಿಚ್ಚಬೇಕು, ಅದಕ್ಕೂ ಒಂದು ಜಗಳ.

ಅಳತೆಗಿಂತ ಕಷ್ಟದ್ದು ವಯಸ್ಸು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ ಸರಿಯಾಗಿ ಎರಡು ವರ್ಷದ ಹೆಣ್ಣುಮಗು 79.3 ಸೆಂಟಿಮೀಟರ್‌ಗಿಂತ ಗಿಡ್ಡ ಇದ್ದರೆ ಬೆಳವಣಿಗೆ ಕುಂಠಿತ ಅಂತ ಲೆಕ್ಕ. ಗಂಡುಮಗುವಿಗೆ ಆ ಗೆರೆ 81. ಆ ವಯಸ್ಸಿನಲ್ಲಿ ಮಗು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತಾಯಿ ಹುಟ್ಟಿದ ತಿಂಗಳನ್ನು ಒಂದೆರಡು ತಿಂಗಳು ಹಿಂದೆ ಮುಂದೆ ಹೇಳಿದರೂ ಗೆರೆಯ ಹತ್ತಿರ ಇರುವ ಮಗು ಈಚೆಯಿಂದ ಆಚೆಗೆ ಹೋಗಿಬಿಡುತ್ತದೆ. ಅದಕ್ಕೇ ಮೊದಲು ಕಾರ್ಡ್ ತೋರಿಸಿ ಅನ್ನುತ್ತಾರೆ. ಕಾರ್ಡ್ ಇಲ್ಲದಿದ್ದರೆ "ಯುಗಾದಿಗೆ ಮುಂಚೆನಾ, ಆಮೇಲಾ?" ಅಂತ ಶುರು ಮಾಡಬೇಕು.

ಇಷ್ಟು ಕಷ್ಟಪಟ್ಟು ಅಳೆಯುವುದಕ್ಕೆ ಹೊರಗಿನವರು ಯಾಕೆ, ಅಂಗನವಾಡಿಯಲ್ಲಿ ತಿಂಗಳು ತಿಂಗಳು ಅಳೆಯುತ್ತಾರಲ್ಲ ಅಂತ ಕೇಳಬಹುದು. ಕೇಂದ್ರ ಸರ್ಕಾರವೂ ಅದನ್ನೇ ಕೇಳಿತು. 2023ರ ಜಾಗತಿಕ ಹಸಿವಿನ ಸೂಚ್ಯಂಕದಲ್ಲಿ ಭಾರತದಲ್ಲಿ ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು 18.7% ಅಂತ ಬಂದಾಗ, ಸರ್ಕಾರ ಅಂಗನವಾಡಿಯವರು ಅಳತೆ ತುಂಬುವ ತನ್ನ ಪೋಷಣ್ ಟ್ರ್ಯಾಕರ್ ಆ್ಯಪ್ ತೋರಿಸಿತು. ಅದರ ಪ್ರಕಾರ ಅಂಥ ಮಕ್ಕಳು ಪ್ರತಿ ತಿಂಗಳೂ 7.2%ಗಿಂತ ಕಮ್ಮಿ. ಎನ್‌ಎಫ್‌ಎಚ್‌ಎಸ್-5ರಲ್ಲಿ ಇದೇ ಅಂಕಿ 19.3%. ಎರಡೂ ಸರ್ಕಾರದ್ದೇ ಲೆಕ್ಕ! ಮಧ್ಯೆ ಹನ್ನೆರಡು ಪರ್ಸೆಂಟ್ ಮಕ್ಕಳು ಎಲ್ಲಿ ಹೋದರು?

ಟ್ರ್ಯಾಕರ್‌ನಲ್ಲಿ ಕೋಟಿಗಟ್ಟಲೆ ಮಕ್ಕಳಿದ್ದಾರೆ, ನಿಜ. ಆದರೆ ಅದರಲ್ಲಿ ಬರುವುದು ಅಂಗನವಾಡಿಯಲ್ಲಿ ಹೆಸರು ಇರುವ, ಅಳತೆಗೆ ಸಿಕ್ಕ ಮಕ್ಕಳು. ಅಳೆಯುವವರು ಯಾರು ಅನ್ನುವುದು ಇನ್ನೂ ಮುಖ್ಯ. ನಮ್ಮ ಸಂಬಂಧಿಕರೊಬ್ಬರು ಅಂಗನವಾಡಿ ಕಾರ್ಯಕರ್ತೆ. ಒಮ್ಮೆ ಈ ವಿಷಯ ಬಂದಾಗ ಅವರು ನಕ್ಕು ಹೇಳಿದ್ದು ಇಷ್ಟೇ: "ತೂಕ ಕಮ್ಮಿ ಹಾಕಿದ್ರೆ ಸೂಪರ್‌ವೈಸರ್ ಮೇಡಂ ಫೋನು. ಸರಿ ಇದೆ ಅಂತ ಹಾಕಿದ್ರೆ ಯಾರೂ ಕೇಳಲ್ಲ." ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ಅಡುಗೆ, ಪಾಠ, ಬಾಣಂತಿ ಭೇಟಿ, ಚುನಾವಣೆ ಡ್ಯೂಟಿ, ಅದರ ಮೇಲೆ ಮೊಬೈಲ್‌ನಲ್ಲಿ ಎಂಟ್ರಿ. ಎಲ್ಲವನ್ನೂ ಗೌರವಧನದ ಮೇಲೆ ಮಾಡುವವರು ಅವರು. ಆದರೆ ಕೆಲಸ ಮಾಡಿದವರೇ ತಮ್ಮ ಕೆಲಸದ ಫಲ ಅಳೆದು ಕೊಡಬೇಕು ಅಂದರೆ, ವಿದ್ಯಾರ್ಥಿ ತನ್ನ ಪೇಪರ್ ತಾನೇ ತಿದ್ದಿಕೊಂಡ ಹಾಗಾಯಿತು. ಎಷ್ಟೇ ಪ್ರಾಮಾಣಿಕನಾದರೂ ಮಾರ್ಕ್ಸ್ ಒಂಚೂರು ಮೇಲೆ ಹೋಗುತ್ತದೆ.

ಒಂದು ವಿಚಿತ್ರ ಗಮನಿಸಿ. ಅದೇ ಟ್ರ್ಯಾಕರ್‌ನಲ್ಲಿ ಗಿಡ್ಡ ಮಕ್ಕಳ ಪ್ರಮಾಣ ಮೂರನೇ ಒಂದಕ್ಕಿಂತ ಕಮ್ಮಿ ಏನಿರಲಿಲ್ಲ, ಎನ್‌ಎಫ್‌ಎಚ್‌ಎಸ್ ಹೇಳಿದಷ್ಟೇ ಇತ್ತು, ಜಾಸ್ತಿಯೂ ಇತ್ತು. ತೂಕದ ವಿಷಯದಲ್ಲಿ ಮಾತ್ರ ಇಷ್ಟು ವ್ಯತ್ಯಾಸ. ತೂಕ ತೀರಾ ಕಮ್ಮಿ ಅಂತ ಬರೆದರೆ ಆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕಾಗಬಹುದು, ಫಾಲೋ ಅಪ್ ಮಾಡಬೇಕು, ವರದಿ ಕೊಡಬೇಕು. ಗಿಡ್ಡ ಅಂತ ಬರೆದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ನನಗೆ ಕಾರಣ ಇಲ್ಲೇ ಇದೆ ಅನಿಸುತ್ತದೆ. ನೀವು ಬೇರೆ ಥರ ಯೋಚಿಸಿದರೆ ಕಾಮೆಂಟ್‌ನಲ್ಲಿ ಬರೆಯಿರಿ.

ಈಗ ರಕ್ತಹೀನತೆಗೆ ಬರೋಣ. ನನ್ನ ಮುಖ್ಯ ತಕರಾರು ಇಲ್ಲಿದೆ.

ಐದನೇ ಸುತ್ತಿನಲ್ಲಿ ದೇಶದ 67.1% ಪುಟ್ಟ ಮಕ್ಕಳಿಗೆ ರಕ್ತಹೀನತೆ ಇದೆ ಅಂತ ಬಂತು. ಹಿಂದಿನ ಸಲ 58.6% ಇತ್ತು. ಕರ್ನಾಟಕದಲ್ಲೂ 60.9ರಿಂದ 65.5ಕ್ಕೆ ಏರಿತು. ದೊಡ್ಡ ಗಲಾಟೆ ಆಯಿತು. ಕಬ್ಬಿಣದ ಮಾತ್ರೆ ಹಂಚಿ ಹಂಚಿ ಸಾಕಾದ ಮೇಲೆ ಜಾಸ್ತಿ ಆಯಿತಾ? ಮುಂದಿನ ಸುತ್ತು, ಅಂದರೆ 2023-24ರದ್ದು ಬರುವಷ್ಟರಲ್ಲಿ ಆ ರಕ್ತ ಪರೀಕ್ಷೆಯನ್ನೇ ಸರ್ವೆಯಿಂದ ತೆಗೆದುಬಿಟ್ಟರು.

ತೆಗೆದಿದ್ದಕ್ಕೆ ಕೊಟ್ಟ ಕಾರಣ ಸುಳ್ಳಲ್ಲ, ಇದನ್ನು ಒಪ್ಪಲೇಬೇಕು. ಎನ್‌ಎಫ್‌ಎಚ್‌ಎಸ್‌ನವರು ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಕೈಯಲ್ಲಿ ಹಿಡಿಯುವ ಸಣ್ಣ ಮಶೀನಿಗೆ ಹಾಕುತ್ತಿದ್ದರು. ಹನಿ ಬರಲಿಲ್ಲ ಅಂತ ಬೆರಳು ಹಿಂಡಿದರೆ ರಕ್ತದ ಜೊತೆ ನೀರಿನಂಶವೂ ಸೇರಿಕೊಂಡು ಹಿಮೋಗ್ಲೋಬಿನ್ ಕಮ್ಮಿ ತೋರಿಸಬಹುದು. 2016-18ರಲ್ಲಿ ಮಕ್ಕಳ ಪೋಷಣೆಗೆಂದೇ ನಡೆದ ಇನ್ನೊಂದು ರಾಷ್ಟ್ರೀಯ ಸರ್ವೆಯಲ್ಲಿ ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಅಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಸುಮಾರು 41%. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಆದರೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಒಂದು ಕಡೆ 58, ಇನ್ನೊಂದು ಕಡೆ 41. ವಿಶ್ವ ಆರೋಗ್ಯ ಸಂಸ್ಥೆ ಕೂಡ ನರದ ರಕ್ತವೇ ಸರಿ ಅನ್ನುತ್ತದೆ. 2024ರಲ್ಲಿ ಅದು 6ರಿಂದ 23 ತಿಂಗಳ ಮಕ್ಕಳಿಗೆ ರಕ್ತಹೀನತೆಯ ಹಿಮೋಗ್ಲೋಬಿನ್ ಗೆರೆಯನ್ನೇ 11ರಿಂದ 10.5 ಗ್ರಾಂಗೆ ಇಳಿಸಿತು.

ಹಾಗಾದರೆ ನರದ ರಕ್ತ ಪರೀಕ್ಷಿಸುವ ಹೊಸ ಪದ್ಧತಿ ಒಳ್ಳೆಯದೇ. ಆದರೆ ಹಳೆಯದನ್ನು ನಿಲ್ಲಿಸಿದ್ದು ಯಾವಾಗ? ಅಂಕಿ ಮುಜುಗರ ತಂದ ಮೇಲೆ. ಇನ್ನೊಂದು ಸುತ್ತು ಎರಡೂ ಪರೀಕ್ಷೆ ಪಕ್ಕಪಕ್ಕದಲ್ಲಿ ನಡೆಸಿದ್ದರೆ, ಎಲ್ಲ ಮನೆಗಳಲ್ಲಿ ಬೇಡ, ಕೆಲವೇ ಜಿಲ್ಲೆಗಳಲ್ಲಾದರೂ ಸಾಕಿತ್ತು. ಹಳೇ ಮಶೀನು ಎಷ್ಟು ಜಾಸ್ತಿ ತೋರಿಸುತ್ತದೆ ಅಂತ ಗೊತ್ತಾಗುತ್ತಿತ್ತು. 58ರಿಂದ 67ಕ್ಕೆ ಏರಿದ್ದು ನಿಜವಾ, ಮಶೀನಿನ ಆಟವಾ ಅಂತ ತಿಳಿಯುತ್ತಿತ್ತು. ಈಗ ನಾಳೆ ಹೊಸ ಪದ್ಧತಿಯಲ್ಲಿ 40% ಅಂತ ಬಂದರೆ ಯಾರೋ ಮಂತ್ರಿ "67ರಿಂದ 40ಕ್ಕೆ ಇಳಿಸಿದೆವು" ಅಂತ ಭಾಷಣ ಮಾಡುತ್ತಾರೆ. ತಡೆಯುವುದು ಹೇಗೆ? 2023ರ ಜುಲೈನಲ್ಲಿ ಮುಂಬೈ ಸಂಸ್ಥೆಯ ನಿರ್ದೇಶಕರನ್ನು ಅಮಾನತು ಮಾಡಿದ್ದೂ ಇದೇ ಹೊತ್ತಿಗೆ. ನೇಮಕಾತಿಯಲ್ಲಿ ಲೋಪ ಅಂತ ಸರ್ಕಾರ ಹೇಳಿತು. ಇರಬಹುದು. ಆದರೆ ಇಂಥ ಸಂಸ್ಥೆಗೆ ಸರಿಯಾಗಿ ಕೆಲಸ ಮಾಡುವುದಷ್ಟೇ ಸಾಲದು, ಹಾಗೆ ಕಾಣಲೂ ಬೇಕಲ್ವಾ.

ಸರ್ವೆಯ ಕೊರತೆಗಳ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಜಿಲ್ಲೆಗೆ ಸರಾಸರಿ ಒಂಬೈನೂರು ಮನೆ ಅಷ್ಟೇ ಬರುವುದು. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು ಇನ್ನೂ ಕಮ್ಮಿ. ಹಾಗಾಗಿ ಒಂದು ಜಿಲ್ಲೆಯಲ್ಲಿ ಎರಡು ಪರ್ಸೆಂಟ್ ಏರಿತು, ಪಕ್ಕದ ಜಿಲ್ಲೆಯಲ್ಲಿ ಮೂರು ಇಳಿಯಿತು ಅಂತ ಪತ್ರಿಕೆಗಳು ರ‍್ಯಾಂಕ್ ಪಟ್ಟಿ ಮಾಡುವುದು ಸುಮ್ನೆ ಜಾಗ ತುಂಬಿಸುವ ಕೆಲಸ. ಮನೆಗಳನ್ನು ಆರಿಸುವುದಕ್ಕೆ 2011ರ ಜನಗಣತಿಯೇ ಆಧಾರ, ಬೆಂಗಳೂರಿನ ಅಂಚಿನ ಊರುಗಳು ಈಗ ಎಲ್ಲಿವೆ ಅಂತ ನಿಮಗೇ ಗೊತ್ತು.

ತವರಿನ ವಿಷಯದಲ್ಲಿ ಮಾತ್ರ ಸರ್ವೆ ಜಾಣ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ. ತಾಯಿ ಕಾರ್ಡ್ ಗಂಡನ ಊರಿನದು, ಹೆರಿಗೆ ಅಮ್ಮನ ಊರಿನಲ್ಲಿ. ಆಸ್ಪತ್ರೆಗಳ ತಿಂಗಳ ವರದಿಯಲ್ಲಿ ಇದರಿಂದ ಲೆಕ್ಕ ತಪ್ಪುತ್ತದೆ. ಒಂದು ತಾಲ್ಲೂಕಿನಲ್ಲಿ ಬಸುರಿಯರು ಜಾಸ್ತಿ ಹೆರಿಗೆ ಕಮ್ಮಿ, ಇನ್ನೊಂದರಲ್ಲಿ ಉಲ್ಟಾ. ಎನ್‌ಎಫ್‌ಎಚ್‌ಎಸ್‌ನವರು ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದವರನ್ನು ಕೇಳುತ್ತಾರೆ, ಮನೆಯವರಾಗಲಿ ಬಂದವರಾಗಲಿ. ಬಾಣಂತಿ ತವರಿನಲ್ಲಿದ್ದರೂ ಕೈತಪ್ಪುವುದಿಲ್ಲ.

ಆದರೆ ತೀರಿಕೊಂಡವಳು ಉತ್ತರ ಹೇಳಲು ಬರುವುದಿಲ್ಲ. ತಾಯಂದಿರ ಸಾವಿನ ಲೆಕ್ಕ ಈ ಸರ್ವೆಯಿಂದ ಜಿಲ್ಲೆಯ ಮಟ್ಟದಲ್ಲಿ ಸಿಗುವುದಿಲ್ಲ. ಅದಕ್ಕೆ ದೇಶದ ಜನನ ಮರಣದ ಲೆಕ್ಕ ನೋಡುವ ರಿಜಿಸ್ಟ್ರಾರ್ ಜನರಲ್ ಅವರ ಬೇರೆ ವ್ಯವಸ್ಥೆ ಇದೆ. 2018-20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97 ತಾಯಂದಿರು, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ನಮ್ಮ ನೆರೆಮನೆಯಲ್ಲೇ 19 ಸಾಧ್ಯವಾಗಿದೆ. ಆದರೆ ಈ ಅಂಕಿಯೂ ಮೂರು ವರ್ಷದ ಸರಾಸರಿ, ಅದೂ ರಾಜ್ಯಕ್ಕೆ ಒಂದೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಡ್ರಿಪ್ಸ್ ದ್ರಾವಣದ ಮೇಲೆ ಅನುಮಾನ ಬಂತಲ್ಲ, ಅಂಥದ್ದನ್ನು ಯಾವ ಸರ್ವೆಯೂ ಹಿಡಿಯುವುದಿಲ್ಲ. ಅಲ್ಲಿ ಬೇಕಾಗಿದ್ದು ಪ್ರತಿ ಸಾವಿನ ತನಿಖೆ, ಅಂದರೆ ಆಡಿಟ್, ಅದರ ವರದಿ ಜನರ ಕೈಗೆ. ಸರ್ವೆ ಇದೆಯಲ್ಲ ಅಂತ ಆಡಿಟ್ ಬಿಡಲಾಗದು, ಆಡಿಟ್ ಇದೆಯಲ್ಲ ಅಂತ ಸರ್ವೆಯನ್ನೂ ಬಿಡಲಾಗದು.

ಇಂಥ ಅಂಕಿಯಿಂದ ಏನಾಯ್ತು ಅನ್ನುವವರಿಗೆ ಮೊಟ್ಟೆ ನೆನಪಿಸುತ್ತೇನೆ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ಬೇಡ ಅಂದವರಿಗೆ ಬಾಳೆಹಣ್ಣು. ಆ ಜಿಲ್ಲೆಗಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ ಅನ್ನುವುದೇ ಸರ್ಕಾರ ಕೊಟ್ಟ ಕಾರಣ. ಕೆಲವು ಮಠಾಧೀಶರು ವಿರೋಧ ಮಾಡಿದರು, ಬೀದಿಯಲ್ಲಿ ವಾದ ಆಯಿತು. ಆದರೂ ನಿಲ್ಲಲಿಲ್ಲ, ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಕೈಯಲ್ಲಿ ಅಂಕಿ ಇಲ್ಲದೇ ಹೋಗಿದ್ದರೆ ಆ ವಾದ ಗೆಲ್ಲುವುದು ಕಷ್ಟ ಇತ್ತು.

ಇನ್ನು ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಜಿಲ್ಲೆಗೂ ಕೆಲವೇ ಪುಟದ ಒಂದು ಫ್ಯಾಕ್ಟ್ ಶೀಟ್ ಬರುತ್ತದೆ, ಇಂಗ್ಲಿಷ್‌ನಲ್ಲಿ. ಅದನ್ನು ಕನ್ನಡಕ್ಕೆ ಮಾಡಿ, ಆಯಾ ಜಿಲ್ಲೆಯ ಪಂಚಾಯಿತಿಗಳಿಗೆ ಕಳಿಸಿ, ಗ್ರಾಮಸಭೆಯಲ್ಲಿ ಓದಿಸಿ. ಐದನೇ ಸುತ್ತಿನಲ್ಲಿ ಕರ್ನಾಟಕಕ್ಕೆ ಬಂದಿದ್ದು ಮೂವತ್ತು ಶೀಟು, ಒಬ್ಬ ಒಳ್ಳೆಯ ಅನುವಾದಕರಿಗೆ ಒಂದು ತಿಂಗಳ ಕೆಲಸವೂ ಅಲ್ಲ. ಪಕ್ಕದಲ್ಲೇ ಅದೇ ಜಿಲ್ಲೆಯ ಪೋಷಣ್ ಟ್ರ್ಯಾಕರ್ ಅಂಕಿಯನ್ನೂ ಅಚ್ಚು ಹಾಕಲಿ. ಎರಡಕ್ಕೂ ಯಾಕೆ ಇಷ್ಟು ವ್ಯತ್ಯಾಸ ಅಂತ ಸಭೆಯಲ್ಲಿ ಕೂತ ತಾಯಂದಿರೇ ಕೇಳಲಿ.