ಗಾಳಿ ಇಳಿಸಿ, ಆಮೇಲೆ ಮೋಟಾರಿನ ಮಾತು

ಸೈಕಲ್ಲಿಗೆ ಗಾಳಿ ಹೊಡೆಸುವುದೆಂದರೆ ನಮ್ಮೂರುಗಳಲ್ಲಿ ಹೆಬ್ಬೆರಳು ಒತ್ತಿದರೂ ಬಗ್ಗಬಾರದು, ಅಷ್ಟು ಗಟ್ಟಿ. ಡಾಂಬರಿಗೆ ಅದು ಸರಿಯೇ. ಅಮೆರಿಕದ ಮಿನಿಯಾಪೊಲಿಸ್‌ನ ಜನವರಿಯಲ್ಲಿ ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್ ಹೊರಗೆ ತೆಗೆಯುವ ಕನ್ನಡಿಗರು ಮೊದಲು ಬಿಡಬೇಕಾದ ಅಭ್ಯಾಸ ಅದು. ಹಿಮದ ಮೇಲೆ ಟೈರು ಮೆತ್ತಗಿದ್ದರೇ ಹಿಡಿತ. ಎರಡನೆಯದು ವಾಟ್ ಲೆಕ್ಕ. ಭಾರತದಲ್ಲಿ ನೋಂದಣಿ ಇಲ್ಲದೆ ಓಡಿಸಲು 250 ವಾಟ್, ಗಂಟೆಗೆ 25 ಕಿ.ಮೀ. ಮಿತಿ, ಇಲ್ಲಿ 750 ವಾಟ್ ಮೋಟಾರು ಮಾಮೂಲಿ. ಆಸೆಯಾಗುವುದು ಸಹಜ. ಆದರೆ ಟೈರಿಗೆ ಹಿಡಿತವಿಲ್ಲದಿದ್ದರೆ ಆ ವಾಟ್ ಎಲ್ಲ ಹಿಂದಿನ ಚಕ್ರವನ್ನು ನಿಂತಲ್ಲೇ ತಿರುಗಿಸಿ ಗುಂಡಿ ತೋಡುವುದಕ್ಕೆ ಖರ್ಚು. ಗದ್ದೆಗೆ ಇಳಿಸುವ ಮುನ್ನ ಟಿಲ್ಲರಿನ ರಬ್ಬರ್ ಚಕ್ರ ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸವಾರ, ಸೈಕಲ್ ಸೇರಿ 110 ಕೆ.ಜಿ. ಎಂದಿಟ್ಟುಕೊಳ್ಳಿ, ಟೈರು 4 ಇಂಚು. ಒಣ ರಸ್ತೆಯಲ್ಲಿ 15ರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ತುಳಿದು ಗಟ್ಟಿಯಾದ ಹಿಮದಲ್ಲಿ 8ರಿಂದ 10, ಮೆತ್ತನೆಯದರಲ್ಲಿ 5 ಅಥವಾ 6. ಮಾಮೂಲಿ ಪಂಪಿನ ಮುಳ್ಳು 10ರ ಕೆಳಗೆ ನಂಬಿಕೆಗೆ ಅರ್ಹವಲ್ಲ. 0ರಿಂದ 15ರವರೆಗೆ ಮಾತ್ರ ತೋರಿಸುವ ಗೇಜ್ ಬೇರೆಯೇ ಬೇಕು. ಅಳೆಯುವುದೂ ಮನೆಯೊಳಗಲ್ಲ. 20 ಡಿಗ್ರಿಯ ಕೋಣೆಯಲ್ಲಿ 10 ಇಟ್ಟ ಟೈರು ಮೈನಸ್ 20ರ ಬೀದಿಯಲ್ಲಿ ತಣ್ಣಗಾದ ಮೇಲೆ ಆರೂವರೆಗೆ ಇಳಿದಿರುತ್ತದೆ. ಟೈರಿನ ಪಕ್ಕೆ ಸುಕ್ಕುಗಟ್ಟಿದರೆ ಚಿಂತೆಯಿಲ್ಲ. ಸಣ್ಣ ಉಬ್ಬಿಗೂ ರಿಮ್ ನೆಲಕ್ಕೆ ತಾಗಿದ ಸದ್ದು ಬಂದರೆ ಒಂದು ಪಿಎಸ್‌ಐ ಏರಿಸಿ.

ಕಡಿಮೆ ಗಾಳಿ, ಜೋರು ಮೋಟಾರು ಕೂಡಿದಾಗ ಇನ್ನೊಂದು ಪೀಡೆ ಶುರುವಾಗುತ್ತದೆ. ರಿಮ್ ತಿರುಗುತ್ತದೆ, ಅದರ ಮೇಲೆ ಟೈರು ಜಾರಿ ಹಿಂದೆ ಉಳಿಯುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಓರೆಯಾಗಿ ಕಡೆಗೆ ಬುಡದಲ್ಲೇ ಹರಿದುಹೋಗುತ್ತದೆ. ಅಲ್ಲಿಗೆ ತೇಪೆ ಹಚ್ಚಲಾಗದು, ಟ್ಯೂಬೇ ಹೊಸದು ಬೇಕು. ಹೊರಡುವ ಮುನ್ನ ಹಿಂದಿನ ವಾಲ್ವ್ ನೆಟ್ಟಗಿದೆಯೇ ನೋಡಿ. ವಾಲಿದ್ದರೆ ಗಾಳಿ ಪೂರ್ತಿ ಬಿಟ್ಟು, ಟೈರನ್ನು ಕೈಯಿಂದ ಸರಿಸಿ, ಮತ್ತೆ ತುಂಬಿ. ನಿಂತಲ್ಲಿಂದ ಥ್ರಾಟಲ್ ತಿರುವಬೇಡಿ. ಕೊಳ್ಳುವಾಗಲೇ ಟಾರ್ಕ್ ಸೆನ್ಸರ್ ಇರುವುದನ್ನು ಆರಿಸಿದರೆ ಒಳ್ಳೆಯದು, ಪೆಡಲ್ ಎಷ್ಟು ಒತ್ತುತ್ತೀರೋ ಮೋಟಾರೂ ಅಷ್ಟೇ ತಳ್ಳುತ್ತದೆ. ಪೆಡಲ್ ತಿರುಗಿದೆಯೇ ಎಂದಷ್ಟೇ ನೋಡುವ ಅಗ್ಗದ ಕೇಡೆನ್ಸ್ ಸೆನ್ಸರ್ ತಡವಾಗಿ ಎಚ್ಚೆತ್ತು ಒಮ್ಮೆಲೇ ನೂಕುತ್ತದೆ. ತಿರುವಿನಲ್ಲಿ ಬೀಳಲು ಅಷ್ಟು ಸಾಕು.

ಹಿಮವೆಂದರೆ ಎಲ್ಲ ಒಂದೇ ಅಲ್ಲ. ಅಕ್ಕಿಹಿಟ್ಟಿನಂಥ ಹೊಸ ಹಿಮ ನಾಲ್ಕು ಬೆರಳು ಬಿದ್ದಿದ್ದರೂ ದಪ್ಪ ಟೈರು ದಾಟಿಸುತ್ತದೆ. ಕಾರುಗಳು ಉತ್ತು, ಕರಗಿಸಲೆಂದು ಎರಚಿದ ಉಪ್ಪು ಬಿದ್ದು, ಬನ್ಸಿ ರವೆಯಂತಾದ ಹಿಮ ಮಾತ್ರ 5 ಪಿಎಸ್‌ಐಗೂ ಜಗ್ಗದು, ಇಳಿದು ತಳ್ಳಬೇಕು. ಬರೀ ಮಂಜುಗಡ್ಡೆಯ ಮೇಲಂತೂ ಟೈರಿನ ಅಗಲಕ್ಕೆ ಬೆಲೆಯೇ ಇಲ್ಲ, ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳ ಟೈರೇ ಆಗಬೇಕು. ಮೊಳೆಗಳು ರಬ್ಬರಿನಲ್ಲಿ ಕಚ್ಚಿ ಕೂರಲು ಮೊದಲ 50 ಕಿ.ಮೀ. ಡಾಂಬರಿನಲ್ಲಿ ನಿಧಾನವಾಗಿ ಓಡಿಸಿ.

ಈ ದಪ್ಪ ಟೈರಿಗೆ ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯವೇ ತವರು ಎಂದರೂ ತಪ್ಪಿಲ್ಲ. ಬ್ಲೂಮಿಂಗ್ಟನ್‌ನ ಸರ್ಲಿ ಕಂಪನಿ 2005ರಲ್ಲಿ ಪಗ್ಸ್‌ಲಿ ಎಂಬ ದಪ್ಪ ಟೈರಿನ ಸೈಕಲ್ ತಂದ ಮೇಲೆಯೇ ಇದು ಅಂಗಡಿಯಲ್ಲಿ ಸಿಗುವ ಮಾಲಾದದ್ದು. ಆದರೆ ಫಿನ್ಲೆಂಡಿನ ಔಲುವಿನಲ್ಲಿ, ಚಳಿಗಾಲದ ಸೈಕಲ್ ಸಮ್ಮೇಳನ 2013ರಲ್ಲಿ ಮೊದಲು ನಡೆದ ಊರಿನಲ್ಲಿ, ಜನ ಹೆಚ್ಚಾಗಿ ಮಾಮೂಲಿ ಸೈಕಲ್ಲನ್ನೇ ತುಳಿಯುತ್ತಾರೆ. ಅಲ್ಲಿ ಸೈಕಲ್ ದಾರಿಯ ಹಿಮವನ್ನು ಡಾಂಬರು ಕಾಣುವವರೆಗೆ ಕೆರೆಯುವುದಿಲ್ಲ. ಗಟ್ಟಿ ಪದರ ಉಳಿಸಿ, ಮೇಲ್ಮೈ ಒರಟು ಮಾಡಿ, ಜಲ್ಲಿಪುಡಿ ಎರಚುತ್ತಾರೆ. ಇಲ್ಲಿಯದು ಉಪ್ಪಿನ ದಾರಿ. ಸಾದಾ ಉಪ್ಪು ಮೈನಸ್ 9ರ ಕೆಳಗೆ ಹೆಚ್ಚು ಕೆಲಸ ಮಾಡದು. ಹಗಲು ಅಂಬಲಿಯಾದದ್ದು ರಾತ್ರಿ ಹೆಪ್ಪುಗಟ್ಟಿ ಗಾಡಿಜಾಡಾಗುತ್ತದೆ. ನನಗೆ ಔಲುವಿನ ರೀತಿಯೇ ಮೇಲೆನಿಸುತ್ತದೆ. ದಪ್ಪ ಟೈರಿಗೆ ನಾವು ಸುರಿಯುವ ದುಡ್ಡಿನಲ್ಲಿ ಒಂದಷ್ಟು, ಮನೆಗಳ ಹಿಂದಿನ ಓಣಿಗಳನ್ನು ನಗರ ಸರಿಯಾಗಿ ತೆರವು ಮಾಡದ್ದಕ್ಕೆ ತೆರುವ ದಂಡ. ಇಲ್ಲಿಯ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ದಾರಿಯಂತೆ ಹಿಮ ತೆಗೆದ ಕಡೆಯಲ್ಲೇ ಕಚೇರಿಗೆ ಹೋಗುವವರಿಗೆ ಮೊಳೆ ಟೈರಿನ ಸಾದಾ ಸೈಕಲ್ ಸಾಕು, ದಪ್ಪ ಟೈರು ಬರೀ ಬ್ಯಾಟರಿ ನುಂಗುತ್ತದೆ.

ಬ್ಯಾಟರಿ ವಿಷಯದಲ್ಲಿ ಬೆಂಗಳೂರಿನ ರೂಢಿ, ಅಂದರೆ ಗಾಡಿ ನಿಂತಲ್ಲೇ ರಾತ್ರಿ ಚಾರ್ಜಿಗೆ ಹಾಕುವುದು, ಇಲ್ಲಿ ಅಪಾಯ. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯೊಳಗಿನ ಗ್ರಾಫೈಟಿಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಕಳೆದ ಸಾಮರ್ಥ್ಯ ಮರಳದು, ಒಳಗೇ ಶಾರ್ಟ್ ಆಗುವ ಭಯ ಬೇರೆ. ಬ್ಯಾಟರಿ ಕಳಚಿ ಮನೆಯೊಳಗೆ ತಂದು, ಎರಡು ಮೂರು ಗಂಟೆ ಬಿಟ್ಟು ಪ್ಲಗ್ ಹಾಕಿ. ಹೊರಡುವ ಹೊತ್ತಿಗಷ್ಟೇ ಸೈಕಲ್ಲಿಗೆ ಕೂರಿಸಿ, ಮೇಲೊಂದು ನಿಯೋಪ್ರೀನ್ ಹೊದಿಕೆ. ಬೇಸಿಗೆಯಲ್ಲಿ 60 ಕಿ.ಮೀ. ಕೊಡುವುದು ಚಳಿಯೂ ಮೆತ್ತನೆ ಹಿಮವೂ ಸೇರಿದ ದಿನ 30 ಕೊಡುತ್ತದೆಂದು ಲೆಕ್ಕ ಹಾಕಿಯೇ ದೂರ ನಿರ್ಧರಿಸಿ.

ಒರೆಸಿ ಎಣ್ಣೆ ಬಿಡುವ ನಮ್ಮ ಆಯುಧಪೂಜೆಯ ಶಿಸ್ತು ಮಾತ್ರ ಇಲ್ಲಿ ವಾರಕ್ಕೊಮ್ಮೆ ಬೇಕು, ಉಪ್ಪು ಚೈನನ್ನು ತಿಂದುಹಾಕುತ್ತದೆ. ಪೈಪಿನಲ್ಲಿ ರಭಸವಾಗಿ ನೀರು ಹೊಡೆದರೆ ಬೇರಿಂಗಿಗೂ ಮೋಟಾರಿನ ಕನೆಕ್ಟರಿಗೂ ನುಗ್ಗುತ್ತದೆ. ಉಗುರುಬೆಚ್ಚಗಿನ ನೀರು, ಬ್ರಷ್ಷು, ಒಣಬಟ್ಟೆ, ಆಮೇಲೆ ಮಳೆಗಾಲಕ್ಕೆಂದು ಮಾರುವ ದಪ್ಪ ಚೈನ್ ಎಣ್ಣೆ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು 24 ಡಿಗ್ರಿಗೇ ಗಟ್ಟಿಯಾಗುವ ಪ್ರಾಣಿ. ಕೊರೆಯುವ ಚಳಿಯಲ್ಲಿ ಪೆಡಲ್ ಹಿಡಿತವಿಲ್ಲದೆ ಗಿರ್ರನೆ ತಿರುಗಿದರೆ ಹಿಂದಿನ ಚಕ್ರದ ನಡುವಿನ ಫ್ರೀಹಬ್‌ನ ಗ್ರೀಸ್ ಗಟ್ಟಿಯಾಗಿ ಒಳಗಿನ ಹಲ್ಲುಗಳು ಕಚ್ಚುತ್ತಿಲ್ಲ ಎಂದರ್ಥ. ಗ್ರೀಸ್ ತೆಗೆಸಿ ತೆಳು ಎಣ್ಣೆ ಹಾಕಿಸಿ. ಬ್ರೇಕ್ ಲಿವರ್ ಮಂದವಾಗಿ ಮರಳಿದರೆ ಅದು ಬ್ರೇಕಿನೊಳಗಿನ ಮಿನರಲ್ ಆಯಿಲ್ ದಪ್ಪವಾದದ್ದು. ಅದನ್ನು ತೆಗೆದು, ಕಾರು ಬೈಕುಗಳ ಬ್ರೇಕಿಗೆ ಹಾಕುವ ಡಾಟ್ ಫ್ಲೂಯಿಡ್ ತುಂಬಲು ಮಾತ್ರ ಹೋಗಬೇಡಿ, ಸೀಲುಗಳು ಹಾಳಾಗುತ್ತವೆ.