ಸರೋಜಿನಿ ಮಹಿಷಿ ಅಂದ್ರೆ ಬರೀ ವರದಿನಾ?

ತಂಗಿಯ ಮಗಳು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾಳೆ. ಮೊನ್ನೆ ಭಾನುವಾರ ಊಟಕ್ಕೆ ಬಂದವಳು, ರೊಟ್ಟಿ ತಟ್ಟುತ್ತಿದ್ದ ನನ್ನ ಪಕ್ಕದಲ್ಲೇ ನೋಟ್ಸ್ ಹರವಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. 'ಸರೋಜಿನಿ ಮಹಿಷಿ ವರದಿ, 58 ಶಿಫಾರಸು.' ಹಸಿರು ಹೈಲೈಟರ್ ಗೆರೆ ಬೇರೆ.

'ಅವರು ಯಾವ ಊರಾವ್ರು?' ಅಂದೆ.

'ಬೆಂಗಳೂರಾವ್ರ ಇರಬೇಕು, ದೊಡ್ಡವ್ವಾ.'

ಧಾರವಾಡದಲ್ಲೇ ಕೂತು ಈ ಮಾತು ಕೇಳಿ ಸಂಕಟವಾಯಿತು. ಅವಳ ತಪ್ಪಲ್ಲ. ನಾವು ದೊಡ್ಡವರು ಯಾವತ್ತು ಹೇಳಿದ್ದೇವೆ?

ಮಹಿಷಿಯವರು ಹುಟ್ಟಿದ್ದು 1927ರಲ್ಲಿ. ಪಾಠ ಹೇಳಿದವರು, ವಕೀಲೆ, ಕವಿ. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಲೋಕಸಭೆಯಲ್ಲಿ ನಮ್ಮ ರಾಜ್ಯದ ಮೊದಲ ಮಹಿಳಾ ಎಂಪಿ! ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬರೋಕೆ ಇನ್ನೂ 11 ವರ್ಷ ಬಾಕಿ ಇತ್ತು. ಅವರಿಗಿಂತ ಮೊದಲು ಅಲ್ಲಿ ಎಂಪಿ ಆಗಿದ್ದವರು ಕೇಂದ್ರದ ಆರೋಗ್ಯ ಸಚಿವ ಡಿ.ಪಿ. ಕರ್ಮರ್ಕರ್. ಅಂಥವರ ಜಾಗಕ್ಕೆ ಬಂದದ್ದು 35 ತುಂಬುತ್ತಿದ್ದ ಹೆಣ್ಣುಮಗಳು. ಒಂದು ಸಲ ಗೆದ್ದು ಸುಮ್ನೆ ಕೂತವರೂ ಅಲ್ಲ. 1967, 1971, 1977ರಲ್ಲೂ ಗೆದ್ದರು. ಇಂದಿರಾ ಗಾಂಧಿ ಸರ್ಕಾರದಲ್ಲಿ ಕಾನೂನು ಖಾತೆಯ ರಾಜ್ಯ ಸಚಿವೆಯಾದರು.

ವರದಿ ಬಂದದ್ದು ಇದೆಲ್ಲ ಆದಮೇಲೆ. ಕನ್ನಡಿಗರಿಗೆ ಕೆಲಸ ಸಿಗುವ ಬಗ್ಗೆ ರಾಮಕೃಷ್ಣ ಹೆಗಡೆಯವರ ಸರ್ಕಾರ ಇವರ ನೇತೃತ್ವದಲ್ಲಿ ಸಮಿತಿ ಮಾಡಿತು, 1986ರಲ್ಲಿ ಪೂರ್ತಿ ವರದಿ ಕೈಗೆ ಬಂತು. ಇಲ್ಲಿನ ಕೇಂದ್ರ ಸರ್ಕಾರದ ಕಚೇರಿ, ಕಾರ್ಖಾನೆಗಳ 'ಸಿ' ಮತ್ತು 'ಡಿ' ದರ್ಜೆ ಕೆಲಸ ಪೂರ್ತಿ ಕನ್ನಡಿಗರಿಗೇ ಸಿಗಬೇಕು ಅಂತ ಅದರಲ್ಲಿತ್ತು. ಹಾಗಂತ ಕನ್ನಡಿಗರು ಅಂದ್ರೆ ಇಲ್ಲೇ ಹುಟ್ಟಿದವರು ಮಾತ್ರ ಅನ್ನಲಿಲ್ಲ. 15 ವರ್ಷ ಇಲ್ಲಿದ್ದು ಕನ್ನಡ ಓದಿ ಬರೆಯಲು ಬಂದರೆ ಅವರೂ ನಮ್ಮವರೇ ಅಂದರು. ವರದಿ ಹೆಸರಲ್ಲಿ ಗಲಾಟೆ ಮಾಡುವವರು ಈ ಮಾತನ್ನೂ ಓದಬೇಕು, ಅಲ್ವಾ? 2015ರ ಜನವರಿಯಲ್ಲಿ ಅವರು ತೀರಿಕೊಂಡರು. ಇವತ್ತಿಗೂ ಪ್ರತಿ ಸರ್ಕಾರದ ಮುಂದೆ ಅವರ ಹೆಸರು ಹಿಡಿದೇ ವರದಿ ಜಾರಿ ಮಾಡಿ ಅಂತ ಜನ ಕೇಳುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಹುಡುಗಿ ಪೆನ್ನು ಹಿಡಿದು ಕೇಳಿದಳು, 'ಅವರ ನಂತರ ನಮ್ಮ ಧಾರವಾಡದಿಂದ ಲೋಕಸಭಾಕ್ಕ ಹೋದ ಹೆಣ್ಣಮಕ್ಕಳು ಯಾರು ದೊಡ್ಡವ್ವಾ? ಬರಕೋತೇನಿ.'

1980ರಿಂದ ಒಂದೊಂದೇ ಚುನಾವಣೆ ನೆನಪು ಮಾಡಿಕೊಂಡೆ. 2024ಕ್ಕೆ ಬಂದು ನಿಂತೆ. ಬರೆಸಲು ಒಂದು ಹೆಸರೂ ಸಿಗಲಿಲ್ಲ.