ಬೆನ್ನ ಮೇಲೆ ಆಂಟೆನಾ ಇದ್ದರೆ ಗೂಢಚಾರಿ

ಕಾರವಾರಕ್ಕೆ ಮತ್ತೊಬ್ಬ ಗೂಢಚಾರಿ ಬಂದಿದ್ದಾನೆ. ಈ ಸಲ ಕಡಲಹಕ್ಕಿ. ಬೆನ್ನ ಮೇಲೆ ಜಿಪಿಎಸ್, ಅದರ ಮೇಲೆ ಚೀನಾ ವಿಜ್ಞಾನ ಅಕಾಡೆಮಿಯ ಹೆಸರು, ಹತ್ತಿರದಲ್ಲೇ ನೌಕಾನೆಲೆ. ಟಿವಿಯವರಿಗೆ ಇನ್ನೇನು ಬೇಕು? ಕಳಿಸಿದವರು ಎಷ್ಟು ಪ್ರಾಮಾಣಿಕರು ನೋಡಿ, ಗೂಢಚಾರಿಯ ಬೆನ್ನಿಗೆ ಸಂಸ್ಥೆಯ ಹೆಸರನ್ನೇ ಅಂಟಿಸಿದ್ದಾರೆ. 2024ರ ನವೆಂಬರ್‌ನಲ್ಲಿ ರಣಹದ್ದು ಬಂದಾಗಲೂ ಇದೇ ಗಲಾಟೆ. ಆಮೇಲೆ ಗೊತ್ತಾಯ್ತು, ಅದು ಮಹಾರಾಷ್ಟ್ರದ ತಡೋಬಾದ ಹದ್ದು, ಯಂತ್ರ ಕಟ್ಟಿದ್ದು ಅರಣ್ಯ ಇಲಾಖೆಯವರೇ.

ಇಂಥ ಸುದ್ದಿ ಕೇಳಿದಾಗೆಲ್ಲ ನನಗೆ ನೆನಪಾಗೋದು 1953ರ ಹಾಲಿವುಡ್ ಸಿನಿಮಾ 'ರೋಬೋಟ್ ಮಾನ್‌ಸ್ಟರ್'. ನಿರ್ದೇಶಕನ ಹತ್ತಿರ ರೋಬೋಟ್ ಮಾಡಿಸಲು ದುಡ್ಡಿರಲಿಲ್ಲ. ಪರಿಚಯದ ನಟನೊಬ್ಬನ ಹತ್ತಿರ ಗೊರಿಲ್ಲಾ ವೇಷ ಇತ್ತು. ಅದನ್ನೇ ತೊಡಿಸಿ, ತಲೆಗೊಂದು ಹೆಲ್ಮೆಟ್, ಹೆಲ್ಮೆಟ್ಟಿಗೆ ಆಂಟೆನಾ. ಆಯ್ತು, ಭೂಮಿ ನಾಶ ಮಾಡಲು ಬೇರೆ ಗ್ರಹದಿಂದ ಬಂದ ರೋಬೋಟ್! ನಾಲ್ಕು ದಿನದಲ್ಲಿ ಶೂಟಿಂಗ್ ಮುಗಿದಿತ್ತಂತೆ. ಅವನ ಗುಹೆಯಲ್ಲಿ ಒಂದು ಯಂತ್ರ ಸುಮ್ನೆ ಸಾಬೂನಿನ ಗುಳ್ಳೆ ಬಿಡುತ್ತಿರುತ್ತದೆ. ಆ ಗುಳ್ಳೆ ಯಂತ್ರಕ್ಕೆ ಟೈಟಲ್ ಕಾರ್ಡಿನಲ್ಲಿ ಹೆಸರು ಬೇರೆ! ನಮ್ಮ ಯಕ್ಷಗಾನ ಮೇಳದ ರಾಕ್ಷಸ ವೇಷಧಾರಿ ನೋಡಿದ್ದರೆ ಬಣ್ಣ ಹಚ್ಚುವ ಚೌಕಿಗೆ ವಾಪಸ್ ಹೋಗಿ ಬಣ್ಣ ತೊಳೆದುಕೊಳ್ಳುತ್ತಿದ್ದ.

ನಮ್ಮ ಸ್ಟುಡಿಯೋಗಳ ಫಾರ್ಮುಲಾವೂ ಇದೇ ಅಲ್ವಾ? ಪ್ರಾಣಿ ಒಂದು, ಆಂಟೆನಾ ಒಂದು, ಮಿಕ್ಕಿದ್ದು ಗುಳ್ಳೆ.

ಆದರೆ ಆ ಕಾಲದ ಸಿನಿಮಾದವರಿಗೆ ಯಾವುದಕ್ಕೆ ಹೆದರಬೇಕು ಅನ್ನೋದಾದರೂ ಗೊತ್ತಿತ್ತು. 1954ರ 'ದೆಮ್!' ಚಿತ್ರಕ್ಕೆ ಸ್ವಲ್ಪ ಜಾಸ್ತಿ ದುಡ್ಡಿತ್ತು ಬಿಡಿ. ಅದರಲ್ಲಿ ನ್ಯೂ ಮೆಕ್ಸಿಕೋ ಮರುಭೂಮಿಯ ಇರುವೆಗಳು ರಾಕ್ಷಸಾಕಾರಕ್ಕೆ ಬೆಳೆಯುತ್ತವೆ. ಕಾರಣ ಶತ್ರು ದೇಶ ಅಲ್ಲ, ತಮ್ಮದೇ ಸರ್ಕಾರ ಅಲ್ಲಿ ಸಿಡಿಸಿದ ಅಣುಬಾಂಬ್. ಆ ಮಾತನ್ನು ಇರುವೆಯ ಬಾಯಲ್ಲಿ ಹೇಳಿಸಿದರು.

ನಮ್ಮಲ್ಲಿ ಕಥೆಗೇನು ಕಡಿಮೆ? 2009ರಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಅನ್ನೋ ವಿಕಿರಣ ಸೂಸುವ ವಸ್ತು ಸೇರಿತು. ಐವತ್ತಕ್ಕೂ ಹೆಚ್ಚು ಸಿಬ್ಬಂದಿ ಅದನ್ನು ಕುಡಿದರು. ಒಳಗಿನವರೇ ಯಾರೋ ಬೆರೆಸಿರಬೇಕು ಅಂದರು. ಹಾಲಿವುಡ್ಡಿನವರಾಗಿದ್ದರೆ ಮೂರು ಭಾಗ ತೆಗೆಯುತ್ತಿದ್ದರು. ನಮಗೆ ಹಕ್ಕಿಯೇ ಬೇಕು. ಹಕ್ಕಿ ಅಗ್ಗ. ಅದು ಟೆಂಡರ್ ಹಾಕಿಲ್ಲ, ಗುಡ್ಡ ಕಡಿದಿಲ್ಲ, ಟೋಲ್ ವಸೂಲಿ ಮಾಡಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ರಸ್ತೆ ಪಕ್ಕದ ಚಹಾದಂಗಡಿ, ಒಳಗಿದ್ದವರು, ನಿಂತಿದ್ದ ಲಾರಿ ಎಲ್ಲ ಹೋಯಿತು. ಕೇರಳದ ಆ ಲಾರಿಯಲ್ಲೂ ಜಿಪಿಎಸ್ ಇತ್ತು ಸ್ವಾಮಿ. ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ಡ್ರೈವರ್ ಶವ ಅದರೊಳಗೇ. ಮಧ್ಯೆ ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಮುರಿದು ಬಿತ್ತು. ಇವುಗಳ ಹಿಂದೆ ಯಾವ ವಿದೇಶಿ ಕೈವಾಡ ಇತ್ತು ಅಂತ ಯಾರೂ ಪ್ಯಾನೆಲ್ ಕೂರಿಸಲಿಲ್ಲ. ಕೈವಾಡ ಯಾರದ್ದು ಅಂತ ಎಲ್ಲರಿಗೂ ಗೊತ್ತಲ್ಲ, ಹಾಗಾಗಿ. ಗುಡ್ಡವನ್ನು ಬುಡದಲ್ಲಿ ನೆಟ್ಟಗೆ ಕಡಿದರೆ ಮಳೆಗೆ ಜಾರುತ್ತದೆ. ಇದನ್ನು ಹೇಳಲು ಉಪಗ್ರಹ ಬೇಕಿಲ್ಲ, ಅಂಕೋಲೆಯ ಯಾವ ಅಜ್ಜನನ್ನು ಕೇಳಿದರೂ ಸಾಕು. ಕೇಳುವವರಿಲ್ಲ, ಅಷ್ಟೇ. ಹೇಳಿ ಹೇಳಿ ನಮಗೂ ಸಾಕಾಗಿದೆ.

ಏನೂ ಮಾಡಿಲ್ಲ ಅಂತಲೂ ಹೇಳುವಂತಿಲ್ಲ. ಹೆದ್ದಾರಿ ಪಕ್ಕ ಬೋರ್ಡ್ ಹಾಕಿದ್ದಾರೆ: 'ಗುಡ್ಡ ಕುಸಿಯುವ ಸ್ಥಳ, ನಿಧಾನವಾಗಿ ಚಲಿಸಿ.' ಬೀಳುವ ಗುಡ್ಡದ ಕೆಳಗೆ ನಿಧಾನವಾಗಿ ಯಾಕೆ ಹೋಗಬೇಕು ಅಂತ ಬೋರ್ಡ್ ಬರೆಸಿದವರೇ ಹೇಳಬೇಕು.